ಹೊಲದಲ್ಲಿ ಸಿಕ್ಕಿದ್ದು

ಭಾರತಮ್ಮ ದೇವರ ಗೂಡಿನೊಳಗೆ ಕೈ ಹಾಕಿ, ಬೆರಳಿಗೆ ಸಿಕ್ಕ ಬಿಲ್ಲೆಯನ್ನು ಅರ್ಧ ಹೊರಗೆ ತೆಗೆದವಳು ಬಿಸಿ ತಾಕಿದಂತೆ ಮತ್ತೆ ಒಳಕ್ಕೆ ನೂಕಿದಳು.

“ಸಿಕ್ತೇನಕ್ಕ?” ಹೊಸ್ತಿಲ ಆಚೆ ನಿಂತಿದ್ದ ಪಕ್ಕದ ಮನೆಯ ಮುತ್ಯಾಲಮ್ಮ ಕೇಳಿದಳು. “ಹಣೆಗೆ ಅಂಟ್ಸೋಕೆ ಒಂದು ರೂಪಾಯಿ ಬಿಲ್ಲೆ ಬೇಕಂತೆ. ನಿಮ್ಮ ಭಾವ ಕೂಗ್ತಾವ್ರೆ.”

“ಇಲ್ಲ ಕಣೇ. ಇಲ್ಲಿ ರೂಪಾಯಿ ಇಲ್ಲ.”

ಸುಳ್ಳೇನೂ ಅಲ್ಲ. ಗೂಡಿನಲ್ಲಿ, ಅರಿಸಿನದ ಬಟ್ಟೆಯ ಗಂಟಿನಲ್ಲಿ, ಐದು ಬಿಲ್ಲೆಗಳಿದ್ದವು. ಯಾವುದೂ ರೂಪಾಯಿಯಲ್ಲ. ಮುತ್ಯಾಲಮ್ಮ ಮತ್ತೆ ಕೇಳದೆ ತನ್ನ ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ ಒಂದು ರೂಪಾಯಿ ತೆಗೆದು ಅವಳ ಕೈಯಲ್ಲಿಟ್ಟಳು. ಬೆಳಿಗ್ಗೆ ಈ ಮನೆಯ ಹಸುವನ್ನು ಕರೆದದ್ದೂ ಅವಳೇ. ಸಾವಿನ ಮನೆಯ ಹಾಲೆಂದು ಡೈರಿಯಲ್ಲಿ ಯಾರಾದರೂ ಏನಾದರೂ ಅಂದಾರೆಂದು ತನ್ನ ಹೆಸರಿನಲ್ಲಿ ಅಳೆಸಿ ಬಂದಿದ್ದಳು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹಾಲಿನ ಕ್ಯಾನು ತೊಳೆದು ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿದ್ದನ್ನು ನೋಡಿ ಭಾರತಮ್ಮ ತಿಳಿದುಕೊಂಡಿದ್ದಳು.

ಅಂಗಳದಲ್ಲಿ ಗಂಡ ಆವಲಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈ ತೊಳೆದು, ಹೊಸ ಪಂಚೆ ಉಡಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹಣೆಗೆ ನಾಮ ಎಳೆದಿದ್ದರು. ಆಷಾಢದ ಗಾಳಿಗೆ ಚಾಮಂತಿ ಹಾರ ಹೆಗಲಿಂದ ಜಾರುತ್ತಿತ್ತು. ಅಣ್ಣ ದೊಡ್ಡವೆಂಕಟಪ್ಪ ಮತ್ತೆ ಮತ್ತೆ ಅದನ್ನು ಸರಿಮಾಡುತ್ತಿದ್ದ. ತಮಟೆಯವರು ಒಂದು ಸುತ್ತು ಬಾರಿಸಿ, ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಿದ್ದರು.

“ಬೇಗ ಬಾಮ್ಮಾ,” ಎಂದ ದೊಡ್ಡವೆಂಕಟಪ್ಪ. “ವಕ್ಕಲೇರಿಯಿಂದ ಮಗು ಬರ್ತಿದ್ದಂಗೇ ಎತ್ತಿಬಿಡೋಣ. ಗುಂಡಿ ತೋಡೋಕೆ ಹೋದೋರಿಗೆ ಎರಡಡಿಗೇ ಬಂಡೆ ಸಿಕ್ತಂತೆ. ಅಪ್ಪನ ಪಕ್ಕ ಆಗಲ್ಲ.”

“ಮತ್ತೆಲ್ಲಿ ಭಾವ?”

“ಈಚೆಗೆ ತೋಡ್ರಿ ಅಂದಿವ್ನಿ. ಹೊಂಗೆ ಮರದ ಬುಡಕ್ಕೆ. ಅಲ್ಲಿ ಮಣ್ಣು ಮೆತ್ತಗದೆ.”

ಅಲ್ಲಿ ಮಣ್ಣು ಯಾಕೆ ಮೆತ್ತಗಿದೆಯೆಂದು ಭಾರತಮ್ಮನಿಗೆ ಗೊತ್ತಿತ್ತು.

“ಅಲ್ಲಿ ಬೇಡ ಭಾವ.”

“ಯಾಕೆ?”

“ಬೇರು ಇರ್ತಾವೆ…”

“ಬೇರಿದ್ರೆ ಕೊಡಲಿ ಇಲ್ವಾ? ನೀನು ಸುಮ್ನಿರಮ್ಮಾ, ಅದೆಲ್ಲಾ ನಾನು ನೋಡ್ಕೊಂತೀನಿ.” ಅವನ ಕಣ್ಣು ಕೆಂಪಗಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ತಮ್ಮನ ಪಕ್ಕ ಬಿಟ್ಟು ಕದಲಿರಲಿಲ್ಲ. ಅವನಿಗೆ ಎದುರಾಡಲು ಭಾರತಮ್ಮನಿಗೆ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಯಾರೋ, “ಅಗೋ, ಮೇಷ್ಟ್ರು ಬಂದ್ರು” ಎಂದರು.

ಮುಳಬಾಗಿಲಿನ ಬಸ್ಸು ಇಳಿದು ಕೃಷ್ಣಮೂರ್ತಿ ಮೇಷ್ಟ್ರು ಬರುತ್ತಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾಗಿ ಹನ್ನೆರಡು ವರ್ಷ ಕಳೆದಿದ್ದವು. ಒಂದು ಕೈಯಲ್ಲಿ ಕೊಡೆ, ಹೆಗಲಿಗೆ ಬಟ್ಟೆಯ ಚೀಲ. ಅಂಗಳ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಚಪ್ಪಲಿ ಬಿಟ್ಟರು. ಆವಲಪ್ಪನ ಹೊಲಕ್ಕೆ ಬಂದಾಗಲೂ ಹಾಗೆಯೇ, ಬದುವಿನ ಆಚೆಯೇ ಚಪ್ಪಲಿ ಬಿಟ್ಟು ಮುಳ್ಳಿನಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರು. ಅನ್ನ ಬೆಳೆಯುವ ನೆಲ ಎನ್ನುತ್ತಿದ್ದರು.

ಅವರು ಅಳಲಿಲ್ಲ. ಹೆಣದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ಮುಖ ನೋಡಿದರು. ಆಮೇಲೆ ಜೇಬಿನಿಂದ ಒಂದು ನಶ್ಯದ ಡಬ್ಬಿ ತೆಗೆದು, ಹತ್ತಿಯೊಳಗಿಂದ ಒಂದು ಬಿಲ್ಲೆಯನ್ನು ಎತ್ತಿದರು.

“ವೆಂಕಟಪ್ಪ, ರೂಪಾಯಿ ಬೇಡ. ಇದನ್ನಿಡು.”

“ಇದೇನ್ ಸ್ವಾಮಿ, ಚಿನ್ನಾನಾ?”

“ಹಿತ್ತಾಳೆ. ರಾಮಟಂಕ. ಇವನ ಹೊಲದಲ್ಲಿ ಮೊಟ್ಟಮೊದಲು ಸಿಕ್ಕಿದ್ದು. ಇಷ್ಟು ದಿನ ನನ್ನ ಹತ್ತಿರ ಇತ್ತು. ಇವನ ಜೊತೆ ಹೋಗಲಿ.”

ಜನ ಕತ್ತು ಚಾಚಿದರು. ಅಂಗೈಯ ಬಿಲ್ಲೆಯಲ್ಲಿ ಒಂದು ಬದಿಗೆ ಪಟ್ಟಾಭಿಷೇಕದ ರಾಮ, ಇನ್ನೊಂದು ಬದಿಗೆ ಬಿಲ್ಲು ಹಿಡಿದ ಅಣ್ಣತಮ್ಮಂದಿರು; ಎಷ್ಟು ಸವೆದಿತ್ತೆಂದರೆ ಮೂಗು ಬಾಯಿ ಕಾಣುತ್ತಿರಲಿಲ್ಲ.

“ಆವಲಪ್ಪನ ಹೊಲದಾಗೆ ರಾಗಿಗಿಂತ ರಾಮಟಂಕಾನೇ ಚೆನ್ನಾಗಿ ಬೆಳೀತಿತ್ತು ಬಿಡ್ರಿ,” ಎಂದ ದೊಡ್ಡಮುನಿಯಪ್ಪ. ಗುದ್ದಲಿ ಹೆಗಲಿಗಿಟ್ಟು ನೀರು ಕುಡಿಯಲು ಹೊಲದಿಂದ ಬಂದಿದ್ದ. “ನಮ್ದೂ ಪಕ್ಕದ ಹೊಲಾನೇ. ಉತ್ತೂ ಉತ್ತೂ ನೇಗಿಲು ಮುರೀತೇ ಹೊರ್ತು ಒಂದು ಕಾಸು ಹುಟ್ಟಲಿಲ್ಲ.”

“ನಿನ್ನ ಮುಖಕ್ಕೆ ಕಲ್ಲೇ ಜಾಸ್ತಿ. ನಡಿಯೋ, ಗುಂಡಿ ನೋಡು,” ಎಂದು ಒಬ್ಬ ಮುದುಕಿ ಗದರಿದಳು. ನಾಲ್ಕು ಜನ ಸಣ್ಣಗೆ ನಕ್ಕರು. ಮೇಷ್ಟ್ರೂ ತುಟಿ ಸಡಿಲಿಸಿದರು.

ದೊಡ್ಡವೆಂಕಟಪ್ಪ ಅರಿಸಿನ ಕಲಸಿ ಬಿಲ್ಲೆಯನ್ನು ತಮ್ಮನ ಹಣೆಗೆ ಒತ್ತಿದ. ಭಾರತಮ್ಮ ಮುತ್ಯಾಲಮ್ಮನ ರೂಪಾಯಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಂಬದ ಪಕ್ಕ ನಿಂತಳು. ಮಗಳು ಬರಲು ಹೆಚ್ಚೆಂದರೆ ಒಂದು ಗಂಟೆ. ಅಷ್ಟರೊಳಗೆ ಅವಳು ಮೇಷ್ಟ್ರಿಗೆ ಒಂದು ಮಾತು ಹೇಳಬೇಕಿತ್ತು.

*

ತಿಂಗಳ ಹಿಂದೆ ಮೇಷ್ಟ್ರು ಟೈಪು ಮಾಡಿಸಿದ ಹಾಳೆಗಳನ್ನು ತಂದು, ಮಂಚದ ಮೇಲಿದ್ದ ಆವಲಪ್ಪನಿಗೆ ಓದಿ ಹೇಳಿದ್ದರು. ಆವನಿಯಲ್ಲಿ ಹಿಂದೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತೆಂದು ಅವರ ವಾದ. ಹದಿಮೂರು ವರ್ಷದ ಕೆಲಸ. ಆಷಾಢದ ಕೊನೆಯ ಸೋಮವಾರ ಬೆಂಗಳೂರಿನಲ್ಲಿ ಚರಿತ್ರೆ ಓದಿದ ಪಂಡಿತರೆಲ್ಲ ಸೇರುತ್ತಾರೆ, ಇಪ್ಪತ್ತೇಳು ಟಂಕಗಳನ್ನೂ ಮೇಜಿನ ಮೇಲೆ ಹರಡಿ ತೋರಿಸುತ್ತೇನೆ ಎಂದಾಗ ಅವರ ಧ್ವನಿ ಹುಡುಗನದರಂತೆ ಆಗಿತ್ತು.

“ಎರಡನೇ ಸಾಲು ನೋಡು ಆವಲಪ್ಪ. ‘ಆವನಿಯ ರೈತ ಶ್ರೀ ಆವಲಪ್ಪನವರು ತಮ್ಮ ಹೊಲವನ್ನು ಉಳುವಾಗ ದೊರೆತ…’ ಇಲ್ಲಿದೆ ನಿನ್ನ ಹೆಸರು.”

ಆವಲಪ್ಪನಿಗೆ ಅಕ್ಷರ ಬಾರದು. ಮೂಳೆಯಾಗಿದ್ದ ಕೈ ಎತ್ತಿ, ಹೆಬ್ಬೆರಳನ್ನು ಮೇಷ್ಟ್ರು ತೋರಿಸಿದ ಕಡೆ ಇಟ್ಟ. “ಇದಾ ಸ್ವಾಮಿ?”

“ಅದೇ.”

ಅವರು ಹೋದ ಮೇಲೆ ಆವಲಪ್ಪ ಗಂಜಿ ಮುಟ್ಟಲಿಲ್ಲ.

“ಓದು ಬಂದೋರು ನೋಡಿದ್ರೆ ಗೊತ್ತಾಗ್ತದೆ ಅಲ್ವಾ ಭಾರತಿ?”

“ಮೇಷ್ಟ್ರೂ ಓದಿದೋರೇ. ಇಷ್ಟು ವರ್ಷ ಅವ್ರಿಗೆ ಗೊತ್ತಾಗಲಿಲ್ವಲ್ಲ.”

“ಮೇಷ್ಟ್ರು ಬಿಲ್ಲೆ ಎಲ್ಲಿ ನೋಡಿದ್ರು? ನನ್ನ ಮುಖ ನೋಡಿ ತಗೊಂಡ್ರು.”

ಈ ಸಲ ಬಂದಾಗ ಹೇಳಿಬಿಡುತ್ತೇನೆ ಎಂದ. ಮೇಷ್ಟ್ರು ಆಮೇಲೆ ಎರಡು ಸಲ ಬಂದರು. ಒಂದು ಸಲ ಕೋಲಾರದಿಂದ ಮಾತ್ರೆ ತಂದಿದ್ದರು. ಇನ್ನೊಂದು ಸಲ ಮೂಸಂಬಿ ತಂದು, ತಾವೇ ತೊಳೆ ಬಿಡಿಸಿ, ಬೀಜ ತೆಗೆದು ಅವನ ಬಾಯಿಗಿಟ್ಟರು. ಬಾಯಲ್ಲಿ ಮೂಸಂಬಿ ಇದ್ದವನಿಗೆ ಮಾತು ಹೇಗೆ ಬಂದೀತು? ಅವರು ಬಸ್ಸಿಗೆ ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದವನು ಸಂಜೆಯವರೆಗೂ ಏಳಲಿಲ್ಲ.

ಕೊನೆಗೆ ಹೆಂಡತಿಯ ಕೈ ಹಿಡಿದುಕೊಂಡು ಹೇಳಿದ: “ನನ್ನ ಕೈಲಾಗಲ್ಲ. ನೀನೇ ಹೇಳು. ನನ್ನನ್ನ ಎತ್ತೋದರೊಳಗೆ ಹೇಳು. ನಾನಿನ್ನೂ ಮನೇಲಿರೋವಾಗಲೇ. ಮಣ್ಣಿಗೆ ಹಾಕಿದ್ಮೇಲೆ ಹೇಳಿದ್ರೆ, ಹೇಳದೆ ಓಡಿಹೋದ ಅಂದಂಗಾಗ್ತದೆ.”

*

ಮೊದಲನೆಯದು ನಿಜವಾಗಿಯೂ ಸಿಕ್ಕಿತ್ತು. ಎಪ್ಪತ್ತೊಂದನೇ ಇಸವಿಯಲ್ಲಿ ರಾಗಿಗೆ ಹೊಲ ಹದ ಮಾಡುವಾಗ ಹೊಂಗೆ ಮರದ ಹತ್ತಿರ ನೇಗಿಲ ಮೊನೆಗೆ ಬಂದ ಸವೆದ ಬಿಲ್ಲೆ. ಆ ದಿನಗಳಲ್ಲಿ ಮೇಷ್ಟ್ರು ಭಾನುವಾರ ಭಾನುವಾರ ಗುಡಿಯ ಕಲ್ಲಿನ ಬರಹ ಓದಲು ಬರುತ್ತಿದ್ದರು. ಆವಲಪ್ಪ ಒಯ್ದು ಸುಮ್ಮನೆ ಕೊಟ್ಟ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ದುಡ್ಡು ಬೇಡವೆಂದರೂ, ಕಾಫಿ ಕುಡಿದ ಲೋಟದ ಕೆಳಗೆ ಹತ್ತು ರೂಪಾಯಿಯ ನೋಟು ಇಟ್ಟು ಹೋಗಿದ್ದರು.

ಅಂದಿನಿಂದ ಬಂದಾಗಲೆಲ್ಲ ಒಂದೇ ಮಾತು. “ಏನಾದರೂ ಸಿಕ್ತೇನಪ್ಪ?”

“ಇಲ್ಲ ಸ್ವಾಮಿ.”

ಇಲ್ಲ ಎನ್ನುವುದು ಆವಲಪ್ಪನಿಗೇ ಸಂಕಟವಾಗತೊಡಗಿತು. ಮೂರನೇ ವರ್ಷ ಮೇಷ್ಟ್ರ ಹೆಂಡತಿ ಅನಂತಲಕ್ಷ್ಮಮ್ಮ ತೀರಿಕೊಂಡರು. ಮಕ್ಕಳಿರಲಿಲ್ಲ. ಆಮೇಲೆ ಬಂದ ಮೊದಲ ಭಾನುವಾರ ಮೇಷ್ಟ್ರು ಗುಡಿಗೂ ಹೋಗಲಿಲ್ಲ. ಹೊಂಗೆಯ ನೆರಳಲ್ಲಿ ಕೂತು, ಕೊಟ್ಟ ಕಾಫಿ ಕೆನೆಗಟ್ಟುವವರೆಗೂ ಹಿಡಿದುಕೊಂಡೇ ಇದ್ದರು. ಎದ್ದು ಹೋಗುವಾಗ, ಕೇಳದಿದ್ದರೆ ಚೆನ್ನಾಗಿರುವುದಿಲ್ಲವೆಂಬಂತೆ, “ಏನಾದರೂ ಸಿಕ್ತೇನಪ್ಪ?” ಎಂದರು.

ಆ ವರ್ಷ ಮುಡಿ ಕೊಡಲು ತಿರುಪತಿಗೆ ಹೋದಾಗ, ಒಂದು ಅಂಗಡಿಯಲ್ಲಿ ಅಂಥದ್ದೇ ಬಿಲ್ಲೆಗಳು ಕಂಡವು. ಅಂಗಡಿಯವನು ಏನೂ ಮುಚ್ಚಿಡಲಿಲ್ಲ. ಹಳೆಯದರ ಹಾಗೆಯೇ ಹೊಸದಾಗಿ ಅಚ್ಚು ಹಾಕಿದ್ದು, ಪೂಜೆಗೆ ಇಟ್ಟುಕೊಳ್ಳಿ ಎಂದ. ಆವಲಪ್ಪ ಒಂದನ್ನು ತಿರುಗಿಸಿ ತಿರುಗಿಸಿ ನೋಡಿದ. ಫಳಫಳ ಹೊಳೆಯುತ್ತಿತ್ತು.

“ಮೇಷ್ಟ್ರಿಗೆ ಒಂದು ಒಯ್ದು ಕೊಡೋಣ್ವಾ?”

“ಹೊಸದು ಅಂತ ಗೊತ್ತಾಗಲ್ವಾ?” ಎಂದಳು ಭಾರತಮ್ಮ.

ಆ ಒಂದು ಮಾತನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದಳು. ಹೊಸದೆಂದೇ ಹೇಳಿ ಕೊಡೋಣ ಎಂದು ಅವಳ ಬಾಯಿಗೆ ಬಂದಿದ್ದರೆ ಮುಗಿದುಹೋಗುತ್ತಿತ್ತು.

ಹಳೆಯದು ಮಾಡಿದ್ದು ಅವಳೇ. ಹುಣಸೆಹಣ್ಣು, ಬೂದಿ ಹಾಕಿದರೆ ಇನ್ನೂ ಹೊಳೆಯುತ್ತದೆ. ತಲೆಮಾರುಗಟ್ಟಲೆ ಮನೆಯಲ್ಲಿದ್ದ ಬಿಲ್ಲೆ ಹೇಗಿರುತ್ತದೆ? ಎಣ್ಣೆ, ಕುಂಕುಮ, ದೀಪದ ಮಸಿ ಗೀರುಗಳಲ್ಲಿ ಕೂತಿರುತ್ತವೆ. ಕೈ ತಾಗಿ ತಾಗಿ ಮುಖ ಸವೆದಿರುತ್ತದೆ. ಅವಳು ದೇವರ ಗೂಡಿನಲ್ಲಿಟ್ಟು ನಲವತ್ತೆಂಟು ದಿನ, ಬೆಳಿಗ್ಗೆ ಸಂಜೆ, ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ದೀಪ ಹೊತ್ತಿಸಿ, ಹೆಬ್ಬೆರಳಿನಿಂದ ತೀಡಿದಳು. ಆಮೇಲೆ ಹೊಂಗೆ ಮರದ ಬುಡದಲ್ಲಿ, ಕೊಟ್ಟಿಗೆಯ ಗಂಜಲ ಹರಿಯುವಲ್ಲಿ, ಒಂದು ಮಳೆಗಾಲ ಹೂತಿಟ್ಟಳು. ಮಳೆ ನಿಂತ ಮೇಲೆ ಆವಲಪ್ಪ ಅಲ್ಲಿ ನೇಗಿಲು ಹೊಡೆದ.

“ನಾನು ಹಳೇದು ಅಂತ ಹೇಳಲ್ಲ,” ಎಂದಿದ್ದ. “ಹೊಲ ಉಳೋವಾಗ ಸಿಕ್ತು ಅಂತೀನಿ. ಸಿಕ್ಕಿದ್ದು ದಿಟ ತಾನೇ?”

ಮೇಷ್ಟ್ರು ಅಂದು ಕಾಫಿ ಪೂರ್ತಿ ಕುಡಿದರು. ಇನ್ನೊಂದು ಲೋಟ ಕೇಳಿ ಕುಡಿದರು. ಅವರು ಹೋದ ಮೇಲೆ ಗಂಡ ಹೆಂಡತಿ ಇಬ್ಬರೂ, ಮಗುವಿನ ಜ್ವರ ಬಿಟ್ಟವರ ಹಾಗೆ, ಬಾಗಿಲಲ್ಲಿ ನಿಂತು ನಕ್ಕಿದ್ದರು. ಲೋಟದ ಕೆಳಗಿನ ನೋಟನ್ನು ಗುಡಿಯ ಹುಂಡಿಗೆ ಹಾಕಿ ಬಂದರು. ಎರಡನೇ ಸಲವೂ ಹಾಕಿದರು. ಮೂರನೇ ಸಲದ್ದು ಮನೆಯ ಹೆಂಚಿಗಾಯಿತು. ಆಮೇಲೆ ಯಾವುದಕ್ಕೂ ಲೆಕ್ಕ ಇಡಲಿಲ್ಲ. ಮಗಳು ಅಕ್ಕಯಮ್ಮನ ಮದುವೆಯ ವರ್ಷ ಮೂರು ಬಿಲ್ಲೆ ಸಿಕ್ಕಿದವು.

ಅಕ್ಕಯಮ್ಮ ಹತ್ತು ವರ್ಷದವಳಿದ್ದಾಗ ಜ್ವರದಲ್ಲಿ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡ ದಿನ, ಭಾರತಮ್ಮ ಓಡಿಹೋಗಿ ಬಿದ್ದದ್ದು ಈ ಗೂಡಿನ ಮುಂದೆಯೇ. ಮುಟ್ಟಿ ಬೇಡಿಕೊಂಡದ್ದು, ಅರ್ಧ ಹಳೆಯದಾಗಿದ್ದ ಆ ಬಿಲ್ಲೆಯನ್ನೇ. ಮಗು ಉಳಿಯಿತು. ಮಾರನೆಯ ದಿನ ಅದಕ್ಕೆ ಕುಂಕುಮ ತೀಡುವಾಗ, ತಾನು ಮಾಡುತ್ತಿರುವುದು ಪೂಜೆಯೋ ಕೆಲಸವೋ ಅವಳಿಗೇ ತಿಳಿಯಲಿಲ್ಲ. ಯಾರನ್ನು ಕೇಳುವುದು?

*

“ಸ್ವಾಮಿ, ಒಂದು ಮಾತು. ಸ್ವಲ್ಪ ಈ ಕಡೆ ಬರ್ತೀರಾ?”

ಮೇಷ್ಟ್ರು ಎದ್ದು ಬಂದರು. ಹಿತ್ತಲಲ್ಲಿ ರಾಗಿ ಹುಲ್ಲಿನ ಬಣವೆಯ ಮರೆಗೆ ಒಂದು ಹಳೆಯ ಒರಳುಕಲ್ಲು ಇತ್ತು. ಅದರ ಮೇಲೆ ಅವರನ್ನು ಕೂರಿಸಿ, ಅವಳು ನೆಲಕ್ಕೆ ಕೂತಳು. ಅಂಗಳದಲ್ಲಿ ತಮಟೆ ಮತ್ತೆ ಶುರುವಾಯಿತು.

ಹೇಗೆ ಆರಂಭಿಸುವುದೆಂದು ರಾತ್ರಿಯೆಲ್ಲ ಯೋಚಿಸಿದ್ದಳು. ಈಗ ಅದು ಯಾವುದೂ ನೆನಪಿಗೆ ಬರಲಿಲ್ಲ. ಗೂಡಿನಿಂದ ಸೆರಗಿನಲ್ಲಿ ಮುಚ್ಚಿ ತಂದಿದ್ದ ಅರಿಸಿನದ ಗಂಟನ್ನು ಬಿಚ್ಚಿ ಐದು ಬಿಲ್ಲೆಗಳನ್ನೂ ಅವರ ಮುಂದೆ ಇಟ್ಟಳು. ಎರಡು ಮಸಿ ಹಿಡಿದಿದ್ದವು. ಎರಡು ಅರ್ಧ ಮಂಕಾಗಿದ್ದವು. ಒಂದು ಇನ್ನೂ ಹೊಸ ಬೀಗದ ಹಾಗೆ ಹೊಳೆಯುತ್ತಿತ್ತು.

“ಇವು ತಿರುಪತಿ ಅಂಗಡಿಯವು ಸ್ವಾಮಿ. ನಾನು ಹಳೇವು ಮಾಡ್ತೀನಿ. ಹೊಲದಾಗೆ ಹೂತಿಡ್ತೀನಿ. ಅವ್ರು ಉತ್ತು ತೆಗೀತಿದ್ರು. ನಿಮಗೆ ಕೊಟ್ಟಿದ್ದೆಲ್ಲ ಇಂಥವೇ.”

ಮೇಷ್ಟ್ರು ಹೊಳೆಯುವುದನ್ನು ಎತ್ತಿ ನೋಡಿದರು. ಮಸಿ ಹಿಡಿದದ್ದನ್ನು ಪಕ್ಕಕ್ಕೆ ಹಿಡಿದು ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಇಟ್ಟುಕೊಂಡರು.

“ಅಷ್ಟೂನಾ?”

“ಅಷ್ಟೂ ಸ್ವಾಮಿ. ಮೊದಲನೇದೊಂದು ಬಿಟ್ಟು.”

“ಈಗ ಅವನ ಹಣೆ ಮೇಲೆ…”

“ಅದೊಂದೇ ದಿಟದ್ದು. ನೀವು ಅದನ್ನ ವಾಪಸ್ ತಗೊಳ್ಳಿ. ಇಗೋ, ರೂಪಾಯಿ ಇದೆ, ಇದನ್ನಿಡ್ತೀನಿ.”

ಅವರು ರೂಪಾಯಿಯನ್ನು ನೋಡಲಿಲ್ಲ. ಬಣವೆಯ ಒಂದು ಹುಲ್ಲನ್ನು ಎಳೆದು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಬೈಯುತ್ತಾರೆ, ಎದ್ದು ಹೋಗುತ್ತಾರೆ, ಅಂಗಳಕ್ಕೆ ಹೋಗಿ ಕೂಗಾಡುತ್ತಾರೆ ಎಂದು ಭಾರತಮ್ಮ ತಲೆ ತಗ್ಗಿಸಿ ಕಾದಳು.

“ಅವನೇ ಯಾಕೆ ಹೇಳಲಿಲ್ಲ?”

“ಆಗಲಿಲ್ಲ ಸ್ವಾಮಿ. ನೀವು ಮೂಸಂಬಿ ಬಿಡಿಸಿ ಕೊಟ್ರಲ್ಲ…”

ಅವರು ತಲೆಯಾಡಿಸಿದರು. ಅರ್ಥವಾಯಿತೆಂಬಂತೆ ಮತ್ತೊಮ್ಮೆ ಆಡಿಸಿದರು. ಬೆರಳಿಗೆ ಸುತ್ತಿದ್ದ ಹುಲ್ಲನ್ನು ಕೆಳಗೆ ಬಿಟ್ಟರು. “ಸೋಮವಾರ ನಾನು ಹೋಗೋದಿಲ್ಲ ಬಿಡಮ್ಮ. ಮೈ ಸರಿಯಿಲ್ಲ ಅಂತ ಒಂದು ಕಾರ್ಡು ಬರೆದು ಹಾಕ್ತೀನಿ.” ಆಮೇಲೆ ಅವಳ ಮುಖ ನೋಡಿ, “ಬೆಳಿಗ್ಗೆಯಿಂದ ಏನಾದರೂ ಕುಡಿದಿರಾ?” ಎಂದರು.

ಭಾರತಮ್ಮನಿಗೆ ಆಗ ಅಳು ಬಂತು. ಗಂಡ ಸತ್ತಾಗ ಬಂದದ್ದಕ್ಕಿಂತ ಜೋರಾಗಿ ಬಂತು. ಬಣವೆಯ ಆಚೆ ಇದ್ದ ಮುತ್ಯಾಲಮ್ಮನನ್ನು ಮೇಷ್ಟ್ರೇ ಕರೆದು, “ಇವರಿಗೆ ಸ್ವಲ್ಪ ಮಜ್ಜಿಗೆ ಕೊಡಮ್ಮ” ಎಂದರು. ಅವಳು ತಂದ ಮಜ್ಜಿಗೆಯನ್ನು ಭಾರತಮ್ಮ ಎರಡು ಗುಟುಕು ಕುಡಿದಳು. ಹೇಳಿಯಾಯಿತು ಕಣೋ, ನೀನಿನ್ನೂ ಮನೇಲಿದ್ದೀಯ, ಹೇಳಿಯಾಯಿತು ಎಂದು ಅಂಗಳದ ಕಡೆ ಮುಖ ಮಾಡಿ ಮನಸ್ಸಿನಲ್ಲೇ ಅಂದುಕೊಂಡಳು.

ಮೇಷ್ಟ್ರು ಒರಳಿನ ಮೇಲೆ ಹಾಗೆಯೇ ಕೂತಿದ್ದರು. ಅವರು ಅಷ್ಟು ಮುದುಕರೆಂದು ಅವಳಿಗೆ ಅದುವರೆಗೆ ಕಂಡಿರಲಿಲ್ಲ.

ಆಗಲೇ ಹಿಪ್ಪುನೇರಳೆ ತೋಟದ ಆಚೆಯಿಂದ ಕೂಗು ಕೇಳಿಸಿತು.

“ಏಯ್ ವೆಂಕಟಪ್ಪಾ! ಬನ್ರೋ! ಗುಂಡೀಲಿ ಬಿಲ್ಲೆ ಬತ್ತಾ ಅವೆ!”

*

ಅಂಗಳದಲ್ಲಿದ್ದ ಅರ್ಧ ಜನ ಓಡಿದರು. ಮೇಷ್ಟ್ರು ಎದ್ದರು. ಕನ್ನಡಕ ಹಾಕಿಕೊಂಡರು. ಚಪ್ಪಲಿಯ ನೆನಪೂ ಇಲ್ಲದೆ, ಕೊಡೆಯನ್ನೂ ಬಿಟ್ಟು, ಚೀಲವೊಂದನ್ನು ಎದೆಗವಚಿಕೊಂಡು ನಡೆದರು.

“ಸ್ವಾಮಿ, ಅವು ಅವೇ!” ಭಾರತಮ್ಮ ಹಿಂದೆಯೇ ಓಡಿದಳು. “ಈಗ ಹೇಳಿದ್ನಲ್ಲ, ಅವೇ. ಯುಗಾದಿ ಆದ್ಮೇಲೆ ನಾನೇ ಹೂತಿದ್ದು.”

ಹೊಂಗೆ ಮರದ ಬುಡದಲ್ಲಿ ಮೊಣಕಾಲುದ್ದ ತೋಡಿದ್ದರು. ಅಗೆದು ಹಾಕಿದ ಕೆಮ್ಮಣ್ಣಿನ ಮೇಲೆ ನಾಲ್ಕು ಬಿಲ್ಲೆಗಳು ಬಿದ್ದಿದ್ದವು. ಇನ್ನೆರಡು ಗುಂಡಿಯ ಗೋಡೆಯಲ್ಲೇ, ಮಣ್ಣಿನಲ್ಲಿ ಅರ್ಧ ಹುದುಗಿ, ಗೀರು ಗೀರಾಗಿ ಕಾಣುತ್ತಿದ್ದವು. ಹೆಂಗಸರು ಕೈಮುಗಿದರು. ಒಬ್ಬಳು ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು.

“ಅಯ್ಯೋ ದೇವುಡಾ! ಪುಣ್ಯಾತ್ಮ ಕಣ್ರೋ! ಹೋಗೋವಾಗ್ಲೂ ಭೂಮ್ತಾಯಿ ಕೊಟ್ಟು ಕಳಿಸ್ತಾವ್ಳೆ.”

ಮೇಷ್ಟ್ರು ಗುಂಡಿಯ ಅಂಚಿನಲ್ಲಿ ಮಂಡಿಯೂರಿದರು. ಹದಿಮೂರು ವರ್ಷ ಅವರಿಗೆ ಬಿಲ್ಲೆಗಳು ಕೈಗೆ ಬಂದಿದ್ದವೇ ಹೊರತು, ಒಂದನ್ನೂ ಮಣ್ಣಿನಲ್ಲಿ ಇರುವಂತೆ ಕಂಡಿರಲಿಲ್ಲ. ಕೈ ಚಾಚಿ, ಗೋಡೆಯಲ್ಲಿದ್ದ ಒಂದನ್ನು ಹೆಬ್ಬೆರಳಿನಿಂದ ಸವರಿ ಸವರಿ ಬಿಡಿಸಿದರು. 

“ಸ್ವಾಮಿ,” ಭಾರತಮ್ಮ ಪಕ್ಕದಲ್ಲೇ ಕುಸಿದು ಕೂತಳು. “ನನ್ನ ಮಾತು ಕೇಳಿ. ಇಲ್ಲಿ ಒಂಬತ್ತು ಇರ್ತಾವೆ. ನಾನೇ ಎಣ್ಸಿ ಹೂತಿವ್ನಿ. ಒಂಬತ್ತು. ಎಣ್ಸಿ ನೋಡಿ.”

ಮೇಷ್ಟ್ರು ಎಣಿಸಿದರು. ಗುಂಡಿಯನ್ನೆಲ್ಲ ನೋಡಿದರು. ಬುಟ್ಟಿಯ ಮಣ್ಣನ್ನು ಸುರಿಸಿ ಕೈಯಾಡಿಸಿದರು.

“ಆರೇ ಇರೋದಮ್ಮ.”

“ಇನ್ನೂ ಮೂರು ಇರ್ತಾವೆ. ಮುನಿಯಪ್ಪಣ್ಣಾ, ಎಷ್ಟು ಸಿಕ್ತು? ಒಂಬತ್ತಲ್ವಾ?”

“ಆರೇ ಕಣಮ್ಮಾ,” ಎಂದ ದೊಡ್ಡಮುನಿಯಪ್ಪ. ಅವನ ಎಡಗೈ ಸೊಂಟದ ಮೇಲೆ, ಪಂಚೆ ಸುತ್ತಿ ಸಿಕ್ಕಿಸಿದ ಕಡೆ ಇತ್ತು. “ಮಣ್ಣು ಮುಟ್ಟಿ ಹೇಳ್ತೀನಿ, ಆರೇ.” ಬಲಗೈಯಿಂದ ಮಣ್ಣು ಮುಟ್ಟಿದ. ಎಡಗೈ ಸೊಂಟ ಬಿಡಲಿಲ್ಲ.

ಭಾರತಮ್ಮ ಆ ಕೈಯನ್ನೇ ನೋಡಿದಳು. ಅವನು ಮುಖ ತಿರುಗಿಸಿಕೊಂಡ.

“ಅವನ ಸೊಂಟದಾಗದೆ! ಭಾವ, ಅವನ ಸೊಂಟ ನೋಡು!”

“ಏಮಮ್ಮಾ ಇದಿ!” ದೊಡ್ಡವೆಂಕಟಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಿದ. “ನಿನ್ನ ಗಂಡನಿಗೆ ಗುಂಡಿ ತೋಡ್ತಾ ಇರೋನ ಸೊಂಟಕ್ಕೆ ಕೈ ಹಾಕ್ಲಾ? ಸುಮ್ನಿರು. ಸತ್ತೋನು ಇನ್ನೂ ಮನೇಲವ್ನೆ, ಅವನ ಮೇಲೆ ಇಂಥ ಮಾತಾ?”

“ಮೇಷ್ಟ್ರಿಗೆ ಹೇಳಿವ್ನಿ ಭಾವ. ಆಗಲೇ ಹೇಳಿವ್ನಿ. ಕೇಳು ಅವ್ರನ್ನ.”

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವರು ಬಿಲ್ಲೆಯನ್ನು ಬಿಸಿಲಿಗೆ ಹಿಡಿದಿದ್ದರು. ಅರ್ಧ ಗಂಟೆಯ ಹಿಂದೆ ಒರಳಿನ ಮೇಲೆ ಕೂತಿದ್ದ ಮುದುಕನ ಮುಖ ಈಗ ಅದಾಗಿರಲಿಲ್ಲ. ಕೆನೆಗಟ್ಟಿದ ಕಾಫಿ ಬಿಟ್ಟು ಹೋಗಿದ್ದವರು ಇನ್ನೊಂದು ಲೋಟ ಕೇಳಿದ ದಿನದ ಮುಖವೇ ಅದು. ಭಾರತಮ್ಮ ಅದನ್ನು ಗುರುತು ಹಿಡಿದಳು. ತಾನೂ ಗಂಡನೂ ಸೇರಿ ಮಾಡಿದ ಮುಖ.

“ದುಃಖದಲ್ಲಿ ಏನೇನೋ ಮಾತು ಬರುತ್ತೆ ತಾಯಿ,” ಎಂದರು ಮೃದುವಾಗಿ. “ಒಂದೆರಡು ಹೊಸದು ತಂದು ಪೂಜೆ ಮಾಡಿರಬಹುದು. ಮಾಡಿ, ತಪ್ಪೇನೂ ಇಲ್ಲ. ಆದರೆ ಇದು… ಇದು ನಾನು ಕಣ್ಣಾರೆ ಕಂಡದ್ದು. ನೀವು ಒಂಬತ್ತು ಅಂದಿರಿ. ಇರೋದು ಆರು.”

“ಸ್ವಾಮಿ, ಸೋಮವಾರ ಹೋಗಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಅವಳು ಬೀಳುವ ಮುಂಚೆಯೇ ಅವರು ಹಿಡಿದು ನಿಲ್ಲಿಸಿದರು. “ಮುತ್ಯಾಲಮ್ಮ, ಇವರನ್ನ ಸ್ವಲ್ಪ ನೆರಳಿಗೆ ಕರ್ಕೊಂಡು ಹೋಗಮ್ಮ. ಪಾಪ, ತಲೆ ಸುತ್ತುತ್ತೆ.”

ಮುತ್ಯಾಲಮ್ಮ ಅವಳ ಹೆಗಲು ಬಳಸಿ ಹಿಡಿದಳು. “ಬಾ ಅಕ್ಕ. ನಂಗೊತ್ತು, ಬಾ,” ಎಂದಳು. ಏನು ಗೊತ್ತೆಂದು ಭಾರತಮ್ಮ ಕೇಳಲಿಲ್ಲ. ಬಣವೆಯ ಆಚೆ ನಿಂತಿದ್ದವಳಿಗೆ ಎಲ್ಲವೂ ಕೇಳಿಸಿರಬೇಕು. ಆದರೆ ಅವಳ ಹೊಲವೂ ದೊಡ್ಡಮುನಿಯಪ್ಪನ ಹೊಲದ ಪಕ್ಕವೇ ಇತ್ತು. ನೀರಿನ ಕಾಲುವೆ ಅವನ ಬದುವಿನಿಂದಲೇ ಬರಬೇಕಿತ್ತು.

ಅಷ್ಟು ಹೊತ್ತಿಗೆ ಅಕ್ಕಯಮ್ಮ ಬಂದಳು. ಅಂಗಳದಿಂದ ಅವಳ ಅಳು ಕೇಳಿಸಿತು. ಆಮೇಲೆ ತಮಟೆ, ಆಮೇಲೆ ಚಟ್ಟ ಎತ್ತಿದವರ ಗೋವಿಂದ. ಪುರಿ ಚೆಲ್ಲುತ್ತಾ, ಹಿಪ್ಪುನೇರಳೆಯ ಸಾಲಿನ ನಡುವೆ ಆವಲಪ್ಪನನ್ನು ತಂದರು. ಮಗಳು ತಾಯಿಯನ್ನು ಅಪ್ಪಿಕೊಂಡಳು. “ಅಮ್ಮಾ, ಬಿಲ್ಲೆ ಸಿಕ್ತಂತಲ್ಲಮ್ಮಾ ಅಪ್ಪನ ಗುಂಡೀಲಿ. ದಾರೀಲೆಲ್ಲಾ ಅದೇ ಮಾತು.” ಅಳುವಿನ ಮಧ್ಯೆಯೂ ಅವಳ ಕಣ್ಣಲ್ಲಿ ಒಂದು ಹೆಮ್ಮೆ ಇತ್ತು. ಭಾರತಮ್ಮ ಆ ಕಣ್ಣನ್ನು ನೋಡಿ, ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

ಕೆಳಗಿಳಿಸುವ ಮುನ್ನ ದೊಡ್ಡವೆಂಕಟಪ್ಪ ತಮ್ಮನ ಹಣೆಯತ್ತ ಕೈ ತೋರಿಸಿದ. “ಸ್ವಾಮಿ, ಈ ಬಿಲ್ಲೆ ತಗೊಂತೀರಾ? ಮೊದಲನೇದು ಅಂದ್ರಲ್ಲ.”

ಭಾರತಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ಬೇಡಪ್ಪ,” ಎಂದರು ಮೇಷ್ಟ್ರು. “ಹೋಗುವಾಗಲೂ ಇಷ್ಟು ಕೊಟ್ಟಿದ್ದಾನೆ. ಅದೊಂದು ಅವನಿಗಿರಲಿ.”

ಮೂಗು ಬಾಯಿ ಸವೆದ ರಾಮನನ್ನು ಹಣೆಯ ಮೇಲಿಟ್ಟುಕೊಂಡು ಆವಲಪ್ಪ ಕೆಳಗಿಳಿದ. ಭಾರತಮ್ಮನ ಕೈಗೆ ಯಾರೋ ಮಣ್ಣು ಕೊಟ್ಟರು. ಹಾಕಲು ಹೋದಾಗ ಆ ಕೈಯಲ್ಲಿ ಮುತ್ಯಾಲಮ್ಮನ ರೂಪಾಯಿ ಇನ್ನೂ ಇದ್ದದ್ದು ಗೊತ್ತಾಯಿತು.

ಮಣ್ಣು ಮುಚ್ಚುವ ಸದ್ದಿನ ನಡುವೆ ಮೇಷ್ಟ್ರು ಹೊಂಗೆ ಮರಕ್ಕೆ ಒರಗಿ, ಚೀಲದಿಂದ ಟೈಪು ಮಾಡಿದ ಹಾಳೆ ತೆಗೆದರು. ಪೆನ್ನಿನಿಂದ ಒಂದು ಅಂಕಿಯನ್ನು ಹೊಡೆದುಹಾಕಿ, ಮೇಲೆ ಇನ್ನೊಂದು ಬರೆದರು. ಗಾಳಿಗೆ ಹಾಳೆ ಹಾರದಂತೆ, ಬಿಲ್ಲೆ ಸವರಿದ್ದ ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು.

ಬರೆದಾದ ಮೇಲೆ ಶಾಯಿ ಆರಲೆಂದು ಹಾಳೆಯನ್ನು ಎತ್ತಿ ಹಿಡಿದು ಮೆಲ್ಲಗೆ ಊದಿದರು. ಭಾರತಮ್ಮನಿಗೆ ಅಕ್ಷರ ಬಾರದು. ಆದರೆ ಎರಡನೇ ಸಾಲು ಯಾವುದೆಂದು ಗೊತ್ತಿತ್ತು. ಆ ಸಾಲಿನ ಮೇಲೆ, ಗಂಡ ಬೆರಳಿಟ್ಟಿದ್ದ ಜಾಗದಲ್ಲೇ, ಗೆರೆ ಗೆರೆಯಾಗಿ ಒಂದು ಹೆಬ್ಬೆಟ್ಟಿನ ಗುರುತು ಮೂಡಿತ್ತು. ಮಣ್ಣೆಂದುಕೊಂಡು ಮೇಷ್ಟ್ರು ಅದನ್ನು ಉಗುರಿನಿಂದ ಕೆರೆದರು. ಅದು ಉದುರಲಿಲ್ಲ; ಹರಳೆಣ್ಣೆಯ ಕುಂಕುಮ ಕಾಗದಕ್ಕೆ ಇಳಿದು ಇನ್ನಷ್ಟು ಕೆಂಪಾಗಿ ಹರಡಿತು.